ಎಂಬತ್ತಾರು ಪಾಯಿಂಟ್ ನಾಲ್ಕು

ಈ ಸಭೆಯ ಅಧ್ಯಕ್ಷರೂ ಹಗರಿಬೊಮ್ಮನಹಳ್ಳಿಯ ಹಿರಿಯ ವರ್ತಕರೂ ಆದ ಶ್ರೀ ಗುರುಬಸವರಾಜ ಅವರೇ, ಹವಾಮಾನ ಕೇಂದ್ರದಿಂದ ಬಂದು ಮುಖ್ಯ ಅತಿಥಿಗಳ ಸ್ಥಾನ ಅಲಂಕರಿಸಿರುವ ವಿಜ್ಞಾನಿ ಶ್ರೀಮತಿ ಸುಕನ್ಯಾ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯಿಂದ ಈ ಬಿಸಿಲನ್ನು ಲೆಕ್ಕಿಸದೆ ಬಂದಿರುವ, ನನ್ನಂತೆಯೇ ಮಳೆ ಅಳೆಯುವ ಬಂಧುಗಳೇ, ಕೋಗಳಿಯ ನನ್ನ ಊರವರೇ, ಹಿಂದಿನ ಸಾಲಿನಲ್ಲಿ ಕೂತು ಊಟ ಎಷ್ಟೊತ್ತಿಗೆ ಎಂದು ವಿಚಾರಿಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ ಮತ್ತು ಸಮಸ್ತ ಸಭಿಕರೇ,

ಈಗಷ್ಟೇ ನನ್ನನ್ನು ಪರಿಚಯಿಸಿದವರು ‘ಮೂವತ್ತೊಂದು ವರ್ಷ ಒಂದು ದಿನವೂ ತಪ್ಪದೆ ಮಳೆ ಅಳೆದ ಹೊನ್ನೂರಸ್ವಾಮಿ ಮೇಷ್ಟ್ರು’ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ಕೈಮುಗಿದೆ. ಆದರೆ ಆ ಮಾತಿನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದೆ. ಮಾತಾಡುತ್ತಾ ಹೋದಂತೆ ಅದನ್ನು ಸರಿಪಡಿಸುತ್ತೇನೆ, ದಯವಿಟ್ಟು ಯಾರೂ ಏಳಬೇಡಿ.

ಮಳೆ ಮಾಪಕ ಎಂದರೆ ಬಹಳ ದೊಡ್ಡ ಯಂತ್ರವೇನಲ್ಲ. ಮೇಲೊಂದು ಆಲಿಕೆ, ಕೆಳಗೊಂದು ಡಬ್ಬಿ, ಅಳೆಯಲಿಕ್ಕೆ ಗೆರೆ ಹಾಕಿದ ಒಂದು ಗಾಜು. ಬೆಳಿಗ್ಗೆ ಎಂಟೂವರೆಗೆ ಡಬ್ಬಿಯ ನೀರನ್ನು ಗಾಜಿಗೆ ಸುರಿದು, ಗೆರೆ ನೋಡಿ, ಪುಸ್ತಕದಲ್ಲಿ ಬರೆದು, ತಾಲ್ಲೂಕು ಕಚೇರಿಗೆ ತಿಳಿಸಬೇಕು. ಇಷ್ಟೇ ಕೆಲಸ. ಆದರೆ ಅದು ಎಂಟೂವರೆಗೇ ಆಗಬೇಕು. ಹಬ್ಬವಿರಲಿ, ಜ್ವರವಿರಲಿ, ಮನೆಯಲ್ಲಿ ಸಾವಾಗಿರಲಿ, ಎಂಟೂವರೆ ಎಂದರೆ ಎಂಟೂವರೆ. ಮಳೆ ಬಾರದ ದಿನವೂ ಹೋಗಿ, ಡಬ್ಬಿ ತೆಗೆದು ನೋಡಿ, ಸೊನ್ನೆ ಎಂದು ಬರೆಯಬೇಕು. ನಮ್ಮ ಸೀಮೆಯಲ್ಲಿ ಈ ಕೆಲಸದ ಹೆಚ್ಚಿನ ಪಾಲು ಸೊನ್ನೆ ಬರೆಯುವುದೇ ಎಂದು ನಿಮಗೆ ಹೇಳಬೇಕಾಗಿಲ್ಲ.

ನಮ್ಮ ಶಾಲೆಯ ಅಂಗಳದಲ್ಲಿ ಮಾಪಕವಿದೆ. ಶಾಲೆಗೂ ನಮ್ಮ ಮನೆಯ ಹಿತ್ತಲಿಗೂ ನಡುವೆ ಒಂದು ಮೋಟು ಗೋಡೆ. ಮೊದಲೆಲ್ಲ ನಾನು ಒಂದೇ ನೆಗೆತಕ್ಕೆ ದಾಟುತ್ತಿದ್ದೆ. ಚುನಾವಣೆ ಕೆಲಸ, ಜನಗಣತಿ ಕೆಲಸ ಬಂದಾಗ ನಾನು ಊರಲ್ಲಿರುತ್ತಿರಲಿಲ್ಲ. ಆಗ ಯಾರು ಅಳೆದರು? ಮನೆಯವರು. ನನ್ನ ಹೆಂಡತಿ ರೇಣುಕಾ. ಆಮೇಲೆ ನನಗೆ ಮೊಣಕಾಲು ನೋವು ಶುರುವಾಯಿತು, ಗೋಡೆ ದಾಟುವುದು ಕಷ್ಟವಾಯಿತು. ಆಗಲೂ ಸ್ವಲ್ಪ ದಿನ ಅವಳೇ ಹೋದಳು. ಸ್ವಲ್ಪ ದಿನ ಎಂದರೆ ಹನ್ನೊಂದು ವರ್ಷ.

ಅಧ್ಯಕ್ಷರು ನಗುತ್ತಿದ್ದಾರೆ. ನಗಲಿ.

ಅವಳು ಗಾಜಿನಲ್ಲಿ ನೋಡಿ ಬರೆಯುವಳು. ನಾನು ಮನೆಯಲ್ಲಿ ಕೂತು ಸರಾಸರಿ ತೆಗೆಯುವೆನು. ಸರಾಸರಿಯ ಮೇಲೆ ನನಗೆ ಅಷ್ಟು ಪ್ರೀತಿ. ಜೂನಿಗೆ ಎಷ್ಟು, ಸೆಪ್ಟೆಂಬರಿಗೆ ಎಷ್ಟು, ಮಾರ್ಚಿಗೆ ಎಷ್ಟು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಕೋಗಳಿಯ ಮಾರ್ಚ್ ತಿಂಗಳಿಗೆ ಮೂವತ್ತು ವರ್ಷದ ಸರಾಸರಿ ಐದು ಪಾಯಿಂಟ್ ಎಂಟು ಮಿಲಿಮೀಟರ್. ಮಾರ್ಚಿನಲ್ಲಿ ಮೋಡ ಕಂಡರೆ ನಾನು ಆಕಾಶ ನೋಡುತ್ತಿರಲಿಲ್ಲ, ನನ್ನ ಪಟ್ಟಿ ನೋಡುತ್ತಿದ್ದೆ. ಸರಾಸರಿ ಎಂದರೆ ಏನು ಎಂದು ಮಕ್ಕಳು ಕೇಳಿದರೆ ಒಂದು ಉದಾಹರಣೆ ಕೊಡುತ್ತಿದ್ದೆ. ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಸರಾಸರಿ ಮೂರು ಲೋಟ ಚಹಾ. ನಾನು ಆರು ಕುಡಿಯುತ್ತೇನೆ, ರೇಣುಕಾ ಕುಡಿಯುವುದಿಲ್ಲ. ಮಕ್ಕಳು ನಗುತ್ತಿದ್ದರು. ಆರು ಲೋಟವನ್ನೂ ಮಾಡುವವರು ಯಾರು ಎಂದು ಒಂದು ಮಗುವೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇರಲಿ, ವಿಷಯಕ್ಕೆ ಬರುತ್ತೇನೆ. ಈ ಸಲದ ಮಾರ್ಚ್ ಹೇಗಿತ್ತು ಎಂಬುದು ನಿಮಗೆಲ್ಲ ಗೊತ್ತು. ಶಿವರಾತ್ರಿಗೆ ಹೋಗಬೇಕಾದ ಚಳಿ ಸಂಕ್ರಾಂತಿಗೇ ಹೋಯಿತು. ಯುಗಾದಿಗೆ ಬಿಡಬೇಕಾದ ಬೇವಿನ ಹೂವು ಮೊದಲೇ ಬಿಟ್ಟು ಉದುರಿಹೋಯಿತು. ಅಂಥ ಹೊತ್ತಿನಲ್ಲಿ ನನಗೊಂದು ಆಹ್ವಾನ ಬಂತು. ಬೇರೆ ರಾಜ್ಯದ ದೊಡ್ಡ ನಗರವೊಂದರಲ್ಲಿ ಹಿರಿಯ ಮಳೆ ವೀಕ್ಷಕರ ಸಮಾವೇಶ, ವಿಮಾನದ ಟಿಕೆಟ್ ಅವರದೇ. ವಿಮಾನವನ್ನು ಅದುವರೆಗೆ ಕೆಳಗಿನಿಂದಷ್ಟೇ ನೋಡಿದ್ದವನು ನಾನು. ಹೊಸ ಅಂಗಿ ಹೊಲಿಸಿದೆ. ಊರೆಲ್ಲ ಹೇಳಿಕೊಂಡು ಬಂದೆ.

ಹೋಗುವಾಗ ಎಲ್ಲ ಚೆನ್ನಾಗಿತ್ತು. ವಾಪಸು ಬರುವ ದಿನ ಬೆಳಗಿನ ಜಾವ ಆ ನಗರದಲ್ಲಿ ಅಕಾಲದ ಗುಡುಗು ಮಳೆ. ಒಂದು ವಿಮಾನವೂ ಏಳಲಿಲ್ಲ, ಇಳಿಯಬೇಕಾದವು ಬೇರೆಲ್ಲೋ ಇಳಿದವು. ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ಬೋರ್ಡಿನ ತುಂಬ ತಡ, ತಡ, ತಡ. ಏಳನೇ ಗೇಟು ಎಂದರು, ಓಡಿದೆವು. ಇಪ್ಪತ್ತೆರಡು ಎಂದರು, ಓಡಿದೆವು. ಮತ್ತೆ ಏಳು ಎಂದರು, ಮೊಣಕಾಲು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತೆ. ನಮ್ಮ ಕೊಟ್ಟೂರು ಬಸ್ ನಿಲ್ದಾಣದಲ್ಲಾದರೆ ಎಷ್ಟೇ ಗದ್ದಲವಿದ್ದರೂ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯಬಹುದು. ವಿಮಾನದ ಕಿಟಕಿ ತೆಗೆಯಲಿಕ್ಕೇ ಬರುವುದಿಲ್ಲವಂತೆ, ಏನು ಮಾಡುವುದು?

ಎಂಟೂವರೆ ಆಯಿತು. ಆ ಗದ್ದಲದಲ್ಲೂ ನನ್ನ ಕೈ ಫೋನಿಗೆ ಹೋಯಿತು. ರೇಣುಕಾ ಫೋನೆತ್ತಿ, ನಮ್ಮೂರಲ್ಲೂ ಬೆಳಗಿನ ಜಾವ ಒಂದೂವರೆ ತಾಸು ಮಳೆ ಹೊಯ್ದಿದೆ ಎಂದಳು. ಎಷ್ಟು ಎಂದು ಕೇಳಿದೆ.

“ಎಂಬತ್ತಾರು ಪಾಯಿಂಟ್ ನಾಕು.”

ಸಭಿಕರೇ, ನಾನು ನಕ್ಕುಬಿಟ್ಟೆ. ಮೂವತ್ತು ವರ್ಷದಲ್ಲಿ ಐದು ಪಾಯಿಂಟ್ ಎಂಟು ಸರಾಸರಿ ಇರುವ ತಿಂಗಳಲ್ಲಿ ಒಂದೇ ಬೆಳಿಗ್ಗೆ ಎಂಬತ್ತಾರು ಎಂದರೆ ಯಾರು ನಂಬುತ್ತಾರೆ? ಎಂಟು ಪಾಯಿಂಟ್ ಆರು ಇರಬೇಕು, ಚುಕ್ಕೆಯನ್ನು ತಪ್ಪು ಜಾಗದಲ್ಲಿ ಇಟ್ಟಿದ್ದೀ ಎಂದೆ. ಅವಳು ಇಲ್ಲ ಎಂದಳು. ಮತ್ತೊಮ್ಮೆ ನೋಡು ಎಂದೆ. ನೋಡಿದ್ದೇನೆ ಎಂದಳು. ಸುತ್ತಲಿನ ಜನ ನನ್ನ ಕಡೆ ತಿರುಗುವಷ್ಟು ಜೋರಾಗಿ, ನಿನಗೆ ಮಾರ್ಚಿನ ಸರಾಸರಿ ಗೊತ್ತೇನು ಎಂದು ಗದರಿದೆ.

ಆಗ ಅವಳು ಹೇಳಿದ ಮಾತು ಇದು: “ನಾ ಗಾಜಿನಾಗ ಕಂಡಿದ್ದು ಹೇಳಾಕತ್ತೀನ್ರಿ. ನೀವು ಪಟ್ಟಿಯಾಗ ಕಂಡಿದ್ದು ಹೇಳಾಕತ್ತೀರಿ.”

ನಾನು ಫೋನಿಟ್ಟೆ. ಆ ನೆಲದ ಮೇಲೆ ಕೂತೇ ತಾಲ್ಲೂಕು ಕಚೇರಿಗೆ ಸಂದೇಶ ಕಳಿಸಿದೆ. ಕೋಗಳಿ, ಎಂಟು ಪಾಯಿಂಟ್ ಆರು.

ಹೌದು. ಕಳಿಸಿದವನು ನಾನೇ. ಸನ್ಮಾನಿತ ಹೊನ್ನೂರಸ್ವಾಮಿ.

ಮರುದಿನ ಊರಿಗೆ ಬಂದರೆ ಪುಸ್ತಕದಲ್ಲಿ ಅವಳ ಅಕ್ಷರದಲ್ಲಿ ಎಂಬತ್ತಾರು ಪಾಯಿಂಟ್ ನಾಲ್ಕು ಎಂದಿದೆ. ದೇವರ ಕೋಣೆಯ ಮೂಲೆಯಲ್ಲಿ ಒಂದು ಸ್ಟೀಲ್ ಕೊಡ. ಬಾಯಿಗೆ ಮುಚ್ಚಳ, ಮುಚ್ಚಳದ ಸುತ್ತ ನಾದಿದ ಹಿಟ್ಟು ಮೆತ್ತಿದೆ. ಬೀಜದ ಗಡಿಗೆಯ ಬಾಯಿ ಕಟ್ಟುವ ಹಾಗೆ. ಇದೇನು ಎಂದು ಕೇಳಿದೆ. ಆ ದಿನದ ಮಳೆ ಎಂದಳು. ಅಳೆದ ನೀರನ್ನು ಚೆಲ್ಲದೆ ಇಟ್ಟಿದ್ದಳು. ನಾನೇ ಅಳೆದು ನೋಡಲಿ ಎಂದು ಅವಳ ಆಸೆ. ನಾನು ಅಳೆಯಲಿಲ್ಲ. ಪ್ರಯಾಣದ ದಣಿವು ಎಂದೆ. ನಿಜ ಹೇಳುತ್ತೇನೆ, ಅಳೆದರೆ ನನ್ನ ಸಂದೇಶ ಸುಳ್ಳಾಗುತ್ತದೆಂಬ ಹೆದರಿಕೆ ಆಗಲೇ ಇತ್ತು.

ಹತ್ತು ದಿನಕ್ಕೆ ಪತ್ರ ಬಂತು. ಕೆಳಗೆ ಇದೇ ಸುಕನ್ಯಾ ಮೇಡಂ ಅವರ ಸಹಿ. ಸಂದೇಶದಲ್ಲಿ ಒಂದು ಅಂಕಿ, ಕಚೇರಿಗೆ ಹೋದ ಪುಸ್ತಕದ ಪ್ರತಿಯಲ್ಲಿ ಇನ್ನೊಂದು. ಪಕ್ಕದ ಊರಿನ ತಾನಾಗಿಯೇ ಅಳೆಯುವ ಯಂತ್ರ ಆ ದಿನ ಸೊನ್ನೆ ತೋರಿಸಿದೆ. ವೀಕ್ಷಕರು ಆ ದಿನ ಊರಲ್ಲೇ ಇರಲಿಲ್ಲ. ಆದ್ದರಿಂದ ಎರಡೂ ಅಂಕಿಗಳು ಸಂಶಯಾಸ್ಪದ. ವಿವರಣೆ ತೃಪ್ತಿಕರವಲ್ಲದಿದ್ದರೆ ಕೋಗಳಿಯ ಹಿಂದಿನ ಎಲ್ಲ ದಾಖಲೆಯನ್ನೂ ಸರಾಸರಿಯಿಂದ ಕೈಬಿಡಲಾಗುವುದು.

ಎಲ್ಲ ದಾಖಲೆ! ಮೂವತ್ತೊಂದು ವರ್ಷದ ಬೆಳಗುಗಳು. ಗುರುಬಸವರಾಜರೇ, ಆ ವಾರ ನಿಮ್ಮ ಅಂಗಡಿಯ ಮುಂದೆ ಹಾದುಹೋದರೂ ಮಾತಾಡಿಸಲಿಲ್ಲ ಎಂದು ನೀವು ಬೇಜಾರು ಮಾಡಿಕೊಂಡಿದ್ದಿರಿ. ಕಾರಣ ಇದು.

ತಪ್ಪಿಸಿಕೊಳ್ಳುವ ದಾರಿ ನನಗೆ ಕಾಣುತ್ತಿತ್ತು. ಉತ್ತರ ಬರೆದೆ. ನನ್ನ ಅನುಪಸ್ಥಿತಿಯಲ್ಲಿ ಅನನುಭವಿ ಗೃಹಿಣಿಯೊಬ್ಬರು ಅಳೆದಿದ್ದರಿಂದ ಪುಸ್ತಕದಲ್ಲಿ ಪ್ರಮಾದ ನುಸುಳಿದೆ, ಎಂಟು ಪಾಯಿಂಟ್ ಆರನ್ನೇ ಪರಿಗಣಿಸಬೇಕಾಗಿ ವಿನಂತಿ. ಅಕ್ಷರ ದುಂಡಾಗಿ ಬಂದಿತ್ತು. ಅವಳು ಚಹಾ ತಂದಿಡುವಾಗ ಓದಿದಳು. ನಮ್ಮ ಮನೆಯಲ್ಲಿ ಓದು ಕಲಿತವನು ನಾನೊಬ್ಬನೇ ಎಂಬಂತೆ ಕಾಗದವನ್ನು ಮೇಜಿನ ಮೇಲೆ ಬಿಚ್ಚಿ ಬಿಟ್ಟಿದ್ದೆ.

ಅವಳು ಬೈಯಲಿಲ್ಲ, ಅಳಲಿಲ್ಲ. “ಅನನುಭವಿ ಅಂತ ಬರದೀರಿ. ಹಿಂದಿನ ಪುಸ್ತಕ ತೆಗೆದು ಯಾರ ಅಕ್ಷರ ಐತಿ ನೋಡ್ರಿ, ಆಮ್ಯಾಲೆ ಕಳಸ್ರಿ,” ಎಂದು ಒಳಗೆ ಹೋದಳು.

ತೆಗೆದೆ. ಒಂದು ಪುಸ್ತಕ, ಎರಡು ಪುಸ್ತಕ, ಹನ್ನೊಂದು ಪುಸ್ತಕ. ಪುಟದ ಕೆಳಗೆ ನನ್ನ ಸಹಿ, ಪುಟದ ತುಂಬ ಅವಳ ಅಕ್ಷರ. ನಮ್ಮ ಮಗಳು ಸಂಗೀತಾ ಹೆರಿಗೆಗೆ ಬಂದಾಗ ಮಗುವಾದ ಬೆಳಿಗ್ಗೆ ಎಂಟೂವರೆಗೆ ಸೊನ್ನೆ ಎಂದು ಬರೆದಿದ್ದಾಳೆ. ರೇಣುಕಾಳ ತಾಯಿ ಪಕ್ಕೀರಮ್ಮ ತೀರಿಕೊಂಡ ದಿನ ಎರಡು ಪಾಯಿಂಟ್ ಎರಡು ಎಂದು ಬರೆದು, ಆಮೇಲೆ ತವರಿನ ಬಸ್ಸು ಹತ್ತಿದ್ದಾಳೆ. ನನಗೆ ಆ ದಿನ ನೆನಪಿದೆ, ಅವಳು ತಡಮಾಡುತ್ತಾಳೆ ಎಂದು ನಾನು ಬಾಗಿಲಲ್ಲಿ ನಿಂತು ರೇಗಿದ್ದೆ. ಗೋಡೆಯ ಆಚೆ ಏನು ಮಾಡುತ್ತಿದ್ದಳು ಎಂಬುದು ಪುಸ್ತಕ ನೋಡಿದ ಮೇಲೆ ತಿಳಿಯಿತು.

ಆ ಉತ್ತರವನ್ನು ಹರಿದು ಹಾಕಿದೆ. ಬೇರೆ ಬರೆದೆ. ಎಂಟು ಪಾಯಿಂಟ್ ಆರು ನಾನು ಕಣ್ಣಾರೆ ಕಾಣದೆ ಕಳಿಸಿದ ಸುಳ್ಳು, ಪುಸ್ತಕದ್ದು ನಿಜ, ಬಂದು ನೋಡಿರಿ. ಇಷ್ಟೇ.

ಮೇಡಂ ಬಂದರು. ಆ ದಿನ ಇಷ್ಟು ನಗುಮುಖ ಇರಲಿಲ್ಲ ಬಿಡಿ. ಗಾಜಿನಲ್ಲಿ ಒಮ್ಮೆಗೆ ಇಪ್ಪತ್ತು ಮಿಲಿಮೀಟರ್ ಮಾತ್ರ ಹಿಡಿಯುತ್ತದೆ, ಎಂಬತ್ತಾರನ್ನು ಹೇಗೆ ಅಳೆದಿರಿ ಎಂದು ರೇಣುಕಾಳನ್ನು ಕೇಳಿದರು. ಅವಳು ಒಳಗಿನಿಂದ ಉಣ್ಣೆಯ ದಾರ ತಂದಳು. ಅವಳ ತವರಿನವರು ಕುರಿ ಸಾಕುವವರು. ಹಿಂಡು ಎಣಿಸುವಾಗ ಇಪ್ಪತ್ತಕ್ಕೊಂದು ಗಂಟು ಹಾಕುತ್ತಾರೆ. ದಾರದಲ್ಲಿ ನಾಲ್ಕು ಗಂಟು. ನಾಲ್ಕು ತುಂಬಿದ ಗಾಜು, ಐದನೆಯದರಲ್ಲಿ ಆರು ಪಾಯಿಂಟ್ ನಾಲ್ಕು. ನಂತರ ಕೊಡ ತಂದಳು. ಹಿಟ್ಟು ಒಣಗಿ ಕಲ್ಲಾಗಿತ್ತು, ಮೇಡಂ ಅವರೇ ಒಡೆದು ತೆಗೆದರು. ಅಳೆದರು. ಒಂದು, ಎರಡು, ಮೂರು, ನಾಲ್ಕು. ಐದನೆಯ ಗಾಜಿನಲ್ಲಿ ಆರು ಪಾಯಿಂಟ್ ಎರಡು. ಒಂದು ಗೆರೆ ಕಡಿಮೆ!

ಬಾವಿಯ ನೀರನ್ನೂ ಹೀಗೆ ಅಳೆದು ಇಡಬಹುದಲ್ಲವೇ ಎಂದು ಮೇಡಂ ಕೇಳಿದರು. ನ್ಯಾಯವಾದ ಪ್ರಶ್ನೆ.

“ಬಾವಿ ನೀರಾಗಿದ್ರ ಒಂದು ಗೆರಿ ಯಾಕ ಕಮ್ಮಿ ಇಡ್ಲಿ, ಮೇಡಮ್ಮಾರ? ಸರೀ ತುಂಬತಿದ್ದೆ. ಮೂರು ವಾರ ಆತಲ್ರಿ, ಅಷ್ಟು ಆರೈತಿ.”

ಮೇಡಂ ಆಗ ಮೊದಲ ಸಲ ನಕ್ಕರು. ಆದರೂ ನಗುವಿನ ಮೇಲೆ ತೀರ್ಪು ಕೊಡಲಿಲ್ಲ, ಅದಕ್ಕೇ ಅವರ ಮೇಲೆ ನನಗೆ ಗೌರವ. ನೇರ ಪಕ್ಕದ ಊರಿಗೆ ಹೋಗಿ ಸೊನ್ನೆ ತೋರಿಸಿದ ಯಂತ್ರದ ಕೀಲಿ ತೆಗೆಸಿದರು. ಆಲಿಕೆಯ ಕೊರಳಲ್ಲಿ ಹಕ್ಕಿಯ ಗೂಡು, ಹನಿ ನೀರೂ ಇಳಿಯುವಂತಿರಲಿಲ್ಲ. ವಾಪಸು ಹೋಗಿ ಆ ಬೆಳಗಿನ ರೇಡಾರ್ ಚಿತ್ರ ತೆಗೆದು ನೋಡಿದರು. ಒಂದು ಮೋಡ ಕೋಗಳಿಯ ನೆತ್ತಿಯ ಮೇಲೆ ಒಂದೂವರೆ ತಾಸು ಕದಲದೆ ನಿಂತಿತ್ತು.

ಸಭಿಕರೇ, ಹೋದ ತಿಂಗಳು ಆದೇಶ ಬಂತು. ಯಂತ್ರದ ಸೊನ್ನೆ ರದ್ದು. ನನ್ನ ಎಂಟು ಪಾಯಿಂಟ್ ಆರು ರದ್ದು. ಎಂಬತ್ತಾರು ಪಾಯಿಂಟ್ ನಾಲ್ಕು ಸ್ವೀಕೃತ. ಕೋಗಳಿಯ ಮೂವತ್ತೊಂದು ವರ್ಷವೂ ಸ್ವೀಕೃತ. ಮಾರ್ಚಿನ ಸರಾಸರಿ ಐದು ಪಾಯಿಂಟ್ ಎಂಟರಿಂದ ಎಂಟು ಪಾಯಿಂಟ್ ನಾಲ್ಕಕ್ಕೆ ಏರಿತು. ಒಬ್ಬ ಹೆಣ್ಣುಮಗಳು ಹಟ ಹಿಡಿದು ಕಂಡದ್ದನ್ನೇ ಬರೆದಿದ್ದಕ್ಕೆ ಸರ್ಕಾರದ ಸರಾಸರಿಯೇ ಬದಲಾಯಿತು! ತಟ್ಟಿರಿ, ಇನ್ನೊಂದಿಷ್ಟು ಜೋರಾಗಿ ತಟ್ಟಿರಿ.

ಈಗ ಮಳೆ ಅಳೆಯುವವರಿಗೆ ಒಂದು ಮಾತು. ಹಡಗಲಿಯ ಮೈಲಪ್ಪ, ಹರಪನಹಳ್ಳಿಯ ಪಾಲಣ್ಣ, ಕೇಳಿರಿ. ಕಾಲ ಬದಲಾಗುತ್ತಿದೆ ಎಂದು ಎಲ್ಲರೂ ಭಾಷಣ ಮಾಡುತ್ತೇವೆ. ಬದಲಾದ ಕಾಲ ಬಂದು ನಮ್ಮ ಡಬ್ಬಿಯಲ್ಲೇ ಕೂತರೆ, ಇದು ರೂಢಿಯಲ್ಲಿಲ್ಲ ಎಂದು ಚುಕ್ಕೆ ಸರಿಸಿ ಸಣ್ಣದು ಮಾಡುತ್ತೇವೆ. ನನ್ನಂಥ ಮರ್ಯಾದಸ್ಥರು ಹೀಗೆ ಎಷ್ಟು ಮಳೆಯನ್ನು ಕುಗ್ಗಿಸಿದ್ದೇವೆಯೋ ಯಾರಿಗೆ ಗೊತ್ತು? ಇನ್ನು ಹಾಗೆ ಮಾಡಬೇಡಿ. ಎಷ್ಟು ಕಂಡಿತೋ ಅಷ್ಟು ಬರೆಯಿರಿ.

ಇನ್ನು ಈ ಶಾಲು, ಈ ಹಾರ. ಇವನ್ನು ನಾನು ಇಟ್ಟುಕೊಳ್ಳುವುದಿಲ್ಲ. ಮೂರನೆಯ ಸಾಲಿನಲ್ಲಿ ಕಂಬದ ಮರೆಗೆ ಕೂತಿರುವ ರೇಣುಕಾ ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದಾಳೆ. ಅಧ್ಯಕ್ಷರೇ, ಅಪ್ಪಣೆ ಕೊಟ್ಟರೆ ನಾನೇ ಕೆಳಗಿಳಿದು ಕೊಟ್ಟುಬರುತ್ತೇನೆ, ಮೊಣಕಾಲಿನ ಚಿಂತೆ ನಿಮಗೆ ಬೇಡ. ಮುಂದಿನ ಒಂದನೇ ತಾರೀಕಿನಿಂದ ಕೋಗಳಿಯ ಅಧಿಕೃತ ವೀಕ್ಷಕರು ಅವಳೇ. ಮೇಡಂ ಸಹಿ ಮಾಡಿದ ಕಾಗದ ನನ್ನ ಜೇಬಿನಲ್ಲಿದೆ. ಇನ್ನು ಪುಟದ ತುಂಬವೂ ಅವಳೇ, ಪುಟದ ಕೆಳಗೂ ಅವಳೇ.

ಈ ಒಂದು ಮಾತನ್ನು ಮಾತ್ರ ಊರ ಮಾತಿನಲ್ಲೇ ಹೇಳುತ್ತೇನೆ, ಸಭೆ ಕ್ಷಮಿಸಬೇಕು. ರೇಣುಕಾ, ಅವತ್ತು ನಾ ನಿನ್ನ ನಂಬಲಿಲ್ಲ. ಮಂದಿ ಮುಂದ ನಿನ್ನ ಗದರಿದೆ, ಮಂದಿ ಮುಂದನ ತಪ್ಪಾತು ಅಂತೀನಿ. ನೀ ನೋಡಿದ್ದು ಖರೇ ಇತ್ತು.

ಕರೆದು ಮಾತಾಡಿಸಿದ ಅಧ್ಯಕ್ಷರಿಗೆ, ಅನುಮಾನಪಟ್ಟು ಹುಡುಕಿ ನಿಜ ಕಂಡ ಅತಿಥಿಗಳಿಗೆ, ಹಸಿದುಕೊಂಡೂ ಕೂತು ಕೇಳಿದ ನಿಮಗೆಲ್ಲರಿಗೆ ಋಣಿಯಾಗಿದ್ದೇನೆ. ದಾರಿ ಬಿಡಿ, ಇಳಿದು ಬರುತ್ತಿದ್ದೇನೆ. ನಮಸ್ಕಾರ.