ಬೊಮ್ಮಿಗೆ ಹೇಳಬೇಕಾದ ಮಾತು

ಹಲೋ? ಹಾಂ, ಹಲೋ... ಯಾರು ಮಾತಾಡ್ತಿರೋದು? ನಂಬರ್ ನೋಡಿದ್ರೆ ಪ್ಲಸ್ ಎಂಟು ಎರಡು ಅಂತ ಏನೋ ಬರ್ತಿದೆ. ನೋಡಪ್ಪ, ನನ್ನ ಕಂಪ್ಯೂಟರ್‌ಗೆ ವೈರಸ್ಸೂ ಬಂದಿಲ್ಲ, ನಂಗೆ ಯಾವ ಲಾಟರಿನೂ ಬೇಡ...

…

ಸಿಯಾನಾ? ಯಾವ ಸಿಯಾ? ... ಓ, ಛಾಯಾ ಮಗಳು. ಲಿವೋನಿಯಾ ಛಾಯಾ. ಮೊದಲೇ ಹೇಳಬಾರದಾ ಮಗು, ಇನ್ನೊಂದು ನಿಮಿಷ ಆಗಿದ್ರೆ ಬೈದು ಇಟ್ಟುಬಿಡ್ತಿದ್ದೆ. ಹೌದು, ನಾನೇ ಸರಳಾ ಆಂಟಿ. ಬೋಲಿಂಗ್‌ಬ್ರೂಕ್‌ನಲ್ಲೇ ಇದೀವಿ, ಅದೇ ಮನೆ. ನಮ್ಮ ಬೇಸ್‌ಮೆಂಟಿಗೆ ಕನ್ನಡ ಕ್ಲಾಸಿಗೆ ಬರ್ತಿದ್ದಾಗ ನೀನು ಇಷ್ಟೇ ಇಷ್ಟಿದ್ದೆ. ನೀವು ಮಿಶಿಗನ್‌ನ ಲಿವೋನಿಯಾಗೆ ಹೋದ್ಮೇಲೆ ನಿನ್ನ ನೋಡೇ ಇಲ್ಲ ನಾನು.

…

ಕೊರಿಯಾದಿಂದ, ಹೌದಲ್ವಾ. ದೀಪಾವಳಿಗೆ ಛಾಯಾ ಫೋನ್ ಮಾಡಿದಾಗ ಹೇಳಿದ್ಲು, ಅಲ್ಲಿ ಪ್ರೈಮರಿ ಸ್ಕೂಲಲ್ಲಿ ಇಂಗ್ಲಿಷ್ ಟೀಚರ್ ಆಗಿದಾಳೆ ಅಂತ. ನಿಂಗೆ ಆಗಲೇ ನಾಳೆ ಬೆಳಿಗ್ಗೆನಾ? ಇಲ್ಲಿನ್ನೂ ಸಂಜೆ. ಐದು ಗಂಟೆಗೇ ಕತ್ತಲಾಗೋಯ್ತು, ಹದಿನಾಲ್ಕು ಡಿಗ್ರಿ, ನಿಮ್ಮ ಕಡೆ ಲೆಕ್ಕದಲ್ಲಿ ಮೈನಸ್ ಹತ್ತು. ಕೃಷ್ಣಮೂರ್ತಿ ಅಂಕಲ್ ಐಸ್ ಕರಗ್ಲಿ ಅಂತ ಹೊರಗೆ ಡ್ರೈವ್‌ವೇಗೆ ಉಪ್ಪು ಹಾಕ್ತಿದಾರೆ. ಬೇಡ ಅಂದ್ರೆ ಕೇಳ್ತಾರಾ.

…

ನಿಮ್ಮಲ್ಲೂ ಹಾಗೇನಾ. ಕ್ಲಾಸಲ್ಲಿ ಹೀಟರ್ ಇರುತ್ತೆ, ಕಾರಿಡಾರ್‌ನಲ್ಲಿ ಇರಲ್ಲ. ಶೂ ಬಿಚ್ಚಿಟ್ಟು ಬರೀ ಚಪ್ಪಲೀಲಿ ಓಡಾಡ್ಬೇಕಾ ಒಳಗೆ? ಕಾಲು ಮರಗಟ್ಟಲ್ವೇನೆ? ಊಟಕ್ಕೆ ಏನ್ಮಾಡ್ತೀಯ?

…

ಮಕ್ಕಳ ಜೊತೆನೇ ಕೂತು, ತಟ್ಟೇಲಿ ಬಡಿಸಿದ್ದೇ ತಿನ್ಬೇಕು. ಅನ್ನ, ಮೂಲಂಗಿ... ಸಾರಲ್ಲಿ ಮೀನಿದೆ ಅಂತ ಗೊತ್ತಾಗಿದ್ದು ನಾಲ್ಕು ತಿಂಗಳು ಕುಡಿದ ಮೇಲಾ? ಸರಿಹೋಯ್ತು. ನಾನಾಗಿ ನಿಮ್ಮಮ್ಮನಿಗೆ ಹೇಳೋಕೆ ಹೋಗಲ್ಲ. ಅವಳಾಗಿ ಕೇಳಿದ್ರೆ ಮಾತ್ರ ಇಲ್ಲ ಅನ್ನಲ್ಲ, ಆಯ್ತಾ?

…

ಅದಿರ್ಲಿ, ಇಷ್ಟು ವರ್ಷದ ಮೇಲೆ ಶಾಲೆಯಿಂದ ಫೋನ್ ಮಾಡಿದೀಯ ಅಂದ್ರೆ ಏನೋ ಇದೆ. ಹೇಳು. ಇಂಗ್ಲಿಷಲ್ಲೇ ಹೇಳು ಪರವಾಗಿಲ್ಲ, ನಿನ್ನ ಕನ್ನಡ ಕಾಯ್ತಾ ಕೂತ್ರೆ ಒಲೆ ಮೇಲಿರೋ ಸಾರು ಉಕ್ಕಿಹೋಗುತ್ತೆ.

…

ಹಾಂ... ಹಾಂ... ನಿಧಾನ. ಯಾರು ಕನ್ನಡ ಮಾತಾಡ್ತಾಳೆ? ಕೊರಿಯಾದ ಹುಡುಗಿನಾ?

…

ಎರಡನೇ ಕ್ಲಾಸು, ಹೆಸರು ಬೋಮಿ. ಅಪ್ಪ ಅಮ್ಮ ಬೆಂಗಳೂರಲ್ಲಿ ಕೊರಿಯನ್ ಹೋಟ್ಲು ಇಟ್ಟಿದ್ರು, ಇವಳು ಹುಟ್ಟಿದ್ದೂ ಅಲ್ಲೇ. ಅವರಿಬ್ಬರೂ ಹೋಟ್ಲಲ್ಲಿ ಮುಳುಗಿದ್ರೆ ಮಗೂನ ಯಾರು... ಅಡುಗೆಮನೆ ಕೆಲಸದ ಪುಟ್ಟತಾಯಮ್ಮ. ಹೆಸರು ಸರಿಯಾಗಿ ಹೇಳಿದೆ ಕಣೆ, ಶಭಾಷ್. ಮಂಡ್ಯ ಕಡೆಯೋಳಿರ್ಬೇಕು. ... ಮಳವಳ್ಳಿನಾ? ಅದೇ ಮತ್ತೆ.

…

ವ್ಯಾಪಾರ ನಡೀದೆ ಹೋಟ್ಲು ಮುಚ್ಚಿದ್ರು, ಆಗಸ್ಟಲ್ಲಿ ಅವರ ಊರಿಗೆ ವಾಪಸ್ ಬಂದ್ರು. ಸರಿ. ನಿನ್ನ ಸ್ಟೂಡೆಂಟಾ ಅವಳು? ... ಅಲ್ವಾ. ಮೂರನೇ ಕ್ಲಾಸಿಂದ ಮೇಲೆ ಮಾತ್ರ ಇಂಗ್ಲಿಷಾ? ಮತ್ತೆ ನಿನ್ನ ಹತ್ರ ಹೇಗೆ ಬಂದ್ಲು?

…

ನಿನ್ನ ಮುಖ ನೋಡಿ, ನಮ್ಮ ಕಡೆಯೋಳು ಅಂತ. ... ಅಯ್ಯೋ ಕಂದ.

…

ಹಾಂ, ಕೇಳಿಸ್ತಿದೆ. ದಿನಾ ಬೆಳಿಗ್ಗೆ ಬೆಲ್ ಆಗೋಕೆ ಮುಂಚೆ ನಿನ್ನ ರೂಮಿಗೆ ಬಂದು ಪಟಪಟ ಅಂತ ಕನ್ನಡ ಮಾತಾಡ್ತಾಳೆ. ನೀನು ಅರ್ಧ ಅರ್ಥ ಮಾಡ್ಕೊಂಡು ಬಾಕಿ ಅರ್ಧಕ್ಕೆ ತಲೆ ಆಡಿಸ್ತೀಯ. ಶನಿವಾರ ಶನಿವಾರ ಬಾಯಿ ಬಡ್ಕೊಂಡೆ ಸಿಯಾ, ಕನ್ನಡದಲ್ಲಿ ಉತ್ತರ ಕೊಡ್ರೋ ಅಂತ. ಒಬ್ರಾದ್ರೂ ಕೊಟ್ರಾ? ... ಸರಿ ಸರಿ, ಈಗದು ಬೇಡ. ಮುಂದೆ ಹೇಳು.

…

ಶಾಲೆ ಬಿಟ್ಮೇಲೆ ಗೇಟ್ ಹತ್ರ ಕೂರ್ತಾಳಾ? ಹೊರಗೆ? ಈ ಹಿಮದಲ್ಲಿ? ಯಾರಿಗೋಸ್ಕರ?

…

ಏನು? ಪುಟ್ಟತಾಯಮ್ಮ ಬರ್ತೀನಿ ಅಂದಿದ್ಲಾ?

…

ಏರ್‌ಪೋರ್ಟಲ್ಲಿ ಮಗು ಅವಳ ಸೆರಗು ಬಿಡ್ಲಿಲ್ಲ. ಅಳು ನಿಲ್ಲಿಸೋಕೆ ಅಂತ, ಸುಮ್ಕಿರು ಬೊಮ್ಮಿ, ಡಿಸೆಂಬರ್‌ಗೆ ನಾನೇ ಬಂದು ಕರ್ಕೊಂಡು ಹೋಗ್ತೀನಿ ಅಂದ್ಬಿಟ್ಲು. ಬೊಮ್ಮಿ ಅಂತಿದ್ಲಾ ಇವಳನ್ನ... ನಮ್ಮವರ ಹಣೇಬರಹವೇ ಇಷ್ಟು ಕಣೆ. ಮಗು ಅತ್ರೆ ಸಾಕು, ಚಂದ್ರನ್ನೂ ಕಿತ್ತು ಕೈಗೆ ಕೊಟ್ಬಿಡ್ತೀವಿ. ನಾಳೆ ಆನೆ ತರ್ತೀನಿ ಅಂತೀವಿ. ನಮ್ಮ ಮಕ್ಕಳು ಅಷ್ಟು ಕೇಳಿ ನಿದ್ದೆ ಹೋಗ್ತವೆ, ಬೆಳಿಗ್ಗೆ ಆನೆ ಎಲ್ಲಿ ಅಂತ ಯಾವುದೂ ಕೇಳಲ್ಲ. ಇದು ನಂಬ್ಕೊಂಡು ಕೂತಿದೆ.

…

ಡಿಸೆಂಬರ್ ಶುರುವಾದಾಗಿಂದ. ಮೊನ್ನೆ ಜ್ವರ ಬೇರೆ ಬಂತು. ಅಮ್ಮ ಕೆಲಸ ಮುಗಿಸಿ ಬಂದು ಎತ್ಕೊಂಡು ಹೋಗೋವರೆಗೂ ಜಾಗ ಬಿಟ್ಟು ಏಳಲ್ವಾ? ಅವರು ಹೇಳ್ಬೇಕಿತ್ತಲ್ಲ, ಅವಳು ಬರಲ್ಲ ಅಂತ.

…

ಓ. ಸ್ವಲ್ಪ ದಿನ ಅಷ್ಟೆ, ಬೆಂಗಳೂರಿಗೆ ವಾಪಸ್ ಹೋಗ್ತೀವಿ ಅಂತ ಅವರೂ ಅಂದಿದ್ರು. ಅದಕ್ಕೇ ಈಗ ಅವರ ಮಾತು ನಂಬಲ್ಲ. ಮತ್ತೆ ಆ ಪುಟ್ಟತಾಯಮ್ಮನಿಗೇ ಫೋನ್ ಮಾಡಿ ಹೇಳಿಸ್ಬೇಕಪ್ಪ... ಮಾಡಿದ್ರಾ? ಏನಂದ್ಲು?

…

ಮತ್ತೆ ಬರ್ತೀನಿ ಅಂದ್ಲಾ?

…

ಬುದ್ಧಿ ಇದೆಯಾ ಅವಳಿಗೆ? ಪಾಸ್‌ಪೋರ್ಟ್ ಇಲ್ಲ, ಏನಿಲ್ಲ, ಮಳವಳ್ಳಿಯಿಂದ ಕೊರಿಯಾಗೆ ಕೆಂಪು ಬಸ್ಸಲ್ಲಿ ಬರ್ತಾಳಂತಾ? ... ಅವಳೂ ಅಳ್ತಿದ್ಲು ಅಂದ್ರೆ? ಅಳ್ಲಿ. ಮಗೂಗೆ ಇರೋ ವಿಷಯ ಹೇಳೋಕೆ ಅಷ್ಟೇನು ಕಷ್ಟ? ಒಂದು ದಿನ ಅಳುತ್ತೆ, ಎರಡು ದಿನ ಅಳುತ್ತೆ, ಆಮೇಲೆ ತಾನಾಗೇ ಸುಧಾರಿಸ್ಕೊಳ್ಳುತ್ತೆ.

…

ನಾನಾ? ನಾನು ಯಾಕೆ?

…

ಹ್ಞೂಂ, ಅದೇನೋ ನಿಜ. ಇದ್ದದ್ದು ಇದ್ದ ಹಾಗೆ ಹೇಳೋಳೇ ನಾನು, ಎದ್ದು ಬಂದು ಎದೆಗೆ ಒದ್ರೂ ಸರಿ. ನೀನು ರಾಜ್ಯೋತ್ಸವಕ್ಕೆ ಸ್ಟೇಜ್ ಮೇಲೆ ಹಾಡಿದಾಗ ಎಲ್ಲಾ ಆಂಟಿಯರೂ ವಂಡರ್‌ಫುಲ್ ಅಂದ್ರು, ನಾನೊಬ್ಬಳೇ ಶ್ರುತಿ ಸೇರಿಲ್ಲ ಅಂದೆ. ಅದನ್ನ ಇನ್ನೂ ಇಟ್ಕೊಂಡಿದೀಯಲ್ಲೇ. ನಿಮ್ಮಮ್ಮ ಎಷ್ಟೋ ದಿನ ಮಾತು ಬಿಟ್ಟಿದ್ಲು... ಆದ್ರೆ ಇದಕ್ಕೆ ನಾನೇ ಯಾಕೆ? ನಿನ್ನ ಮುರುಕಲು ಕನ್ನಡದಲ್ಲೇ ನೀನು ಹೇಳು.

…

ಹೇಳಿದೆಯಾ? ಅವಳೇನಂದ್ಲು? ... "ಟೀಚರ್, ನಿಂಗೆ ಮಾತೇ ಬರಾಕಿಲ್ವಲ್ಲ" ಅಂದ್ಲಾ. ನಗಬಾರದು, ಆದ್ರೂ ನಗು ಬರುತ್ತೆ.

…

ಹ್ಞೂಂ. ಮುಂದಿನ ವಾರದಿಂದ ರಜಾ, ಗೇಟ್ ಹತ್ರ ನೋಡ್ಕೊಳ್ಳೋಕೆ ಒಬ್ಬರೂ ಇರಲ್ಲ. ಅವರಮ್ಮ ಅತ್ತ ಕೆಲಸಕ್ಕೆ ಹೋದ್ರೆ ಇವಳು ಇತ್ತ ಬಂದು ಕೂರ್ತಾಳೆ. ಹೌದು, ಹಾಗೆ ಬಿಡೋಕಾಗಲ್ಲ. ... ಅಲ್ಲ, ನೀನೂ ಫೆಬ್ರವರಿಗೆ ವಾಪಸ್ ಬರ್ತೀಯಲ್ಲ, ಅದನ್ನೂ ನಾನೇ ಹೇಳ್ಬೇಕಾ? ... ಒಂದೊಂದಾಗಿ ಅಂತೀಯ. ಸರಿ.

…

ಈಗಲೇನಾ? ಪಕ್ಕದಲ್ಲೇ ಇದಾಳಾ? ಒಂದ್ನಿಮಿಷ ಇರು, ಸ್ಟವ್ ಆರಿಸ್ತೀನಿ. ... ಹಾಂ, ಕೊಡು. ಎರಡೇ ಮಾತು, ಹೇಳಿ ಮುಗಿಸಿಬಿಡ್ತೀನಿ.

…

ಹಲೋ, ಬೋಮಿನಾ? ... ಸರಿಯಮ್ಮ, ಬೊಮ್ಮಿ. ನಾನು ಸರಳಾ ಅಜ್ಜಿ. ಹಾಂ, ಕನ್ನಡದೋಳೇ.

…

ಇಲ್ಲ ಮರಿ, ಇನ್ನೂ ಉಂಡಿಲ್ಲ... ಉಂಡ್ಯಾ ಅಂತ ಕೇಳ್ತೀಯಲ್ಲೇ. ಫೋನ್ ಎತ್ತಿದ ತಕ್ಷಣ ಅದನ್ನೇ ಕೇಳ್ಬೇಕು ಅಂತ ಯಾರು ಕಲಿಸಿದ್ರು ನಿಂಗೆ? ನನ್ನ ಮೊಮ್ಮಕ್ಕಳು ಒಂದು ದಿನಾನೂ ಕೇಳಿಲ್ಲ ಕಣೆ ನನ್ನ.

…

ಹುರುಳಿಕಾಳು ಸಾರು. ... ನಿಮ್ಮ ಪುಟ್ಟತಾಯಮ್ಮನೂ ಮಾಡ್ತಿದ್ಲಾ? ಮುದ್ದೆ ಅಗೀಬಾರ್ದು, ನುಂಗ್ಬೇಕು. ಹೌದು ಮರಿ, ನಂಗೂ ಗೊತ್ತು.

…

ಮಳವಳ್ಳಿ ಅಲ್ಲ, ನಮ್ಮದು ಮೈಸೂರು. ಹತ್ರಾನೇ. ... ಇಲ್ಲ, ಅವಳನ್ನ ನಾನು ನೋಡಿಲ್ಲ. ಅದೇ ವಿಷಯ ಮಾತಾಡೋಣ ಅಂತ... ಬೊಮ್ಮಿ, ಇಲ್ಲಿ ಕೇಳು. ಪುಟ್ಟತಾಯಮ್ಮ ಇದಾಳಲ್ಲ, ಅವಳು...

…

ಬ್ಯಾಗಲ್ಲಿ ಏನಿಟ್ಕೊಂಡಿದೀಯ? ... ಅವಳಿಗೆ ಗ್ಲೌಸಾ. ನಿನ್ನದು ಅವಳ ಕೈಗೆ ಆಗುತ್ತಾ? ... ಅಮ್ಮಂದು. ಕೇಳದೇ ಎತ್ತಿಟ್ಕೊಂಡಿದೀಯ. ಮಳವಳ್ಳೀಲಿ ಹಿಮ ಬೀಳಲ್ಲ, ಅವಳತ್ರ ಇರಲ್ಲ ಅಂತ. ... ಹಾಂ. ಸರಿಯಾಗೇ ಯೋಚನೆ ಮಾಡಿದೀಯ.

…

ಸಿಯಾ, ನೀನೂ ಕೇಳ್ತಿದೀಯಾ? ಸ್ಪೀಕರ್ ಹಾಕಿದೀಯಾ? ... ಹೇಳ್ತೀನೇ, ಹೇಳ್ತೀನಿ. ಒಂದ್ನಿಮಿಷ ಉಸಿರಾಡೋಕೆ ಬಿಡು.

…

ಬೊಮ್ಮಿ, ಕಂದ. ಪುಟ್ಟತಾಯಮ್ಮನಿಗೆ ಬರೋಕಾಗಲ್ಲಮ್ಮ. ಈಗ್ಲೂ ಆಗಲ್ಲ, ಆಮೇಲೂ ಆಗಲ್ಲ. ಅಷ್ಟು ದೂರ ಅವಳು ಒಬ್ಬಳೇ ಹೇಗೆ ಬರ್ತಾಳೆ ಹೇಳು? ನೀನು ಅಳಬಾರದು ಅಂತ ಹಾಗಂದ್ಲು ಅಷ್ಟೆ. ನಿನ್ನ ಕಂಡ್ರೆ ಅವಳಿಗೆ ಜೀವ, ಅದಕ್ಕೇ ಹಾಗಂದಿದ್ದು. ಇನ್ಮೇಲೆ ಗೇಟ್ ಹತ್ರ ಕಾಯಬಾರದು, ಆಯ್ತಾ ಮರಿ?

…

ಬೊಮ್ಮಿ? ... ಮಾತಾಡಮ್ಮ. ... ಸಿಯಾ, ಏನ್ಮಾಡ್ತಿದಾಳೆ? ಅಳ್ತಿದಾಳಾ?

…

ಅಳ್ತಾನೂ ಇಲ್ವಾ? ಕೋಟ್ ಜಿಪ್ ಹಾಕ್ಕೊತಿದಾಳಾ? ಎಲ್ಲಿಗೆ? ... ಗೇಟಿಗಾ? ಈಗ ಕ್ಲಾಸಿಲ್ವಾ? ಹಿಡ್ಕೋ ಅವಳನ್ನ. ಹಿಡ್ಕೊಂಡು ಫೋನ್ ಅವಳ ಕಿವಿಗೆ ಇಡು.

…

ಬೊಮ್ಮಿ, ಹೋಗ್ಬೇಡ ಮರಿ, ಹೊರಗೆ ಚಳಿ. ... ಇಲ್ಲ, ನಾನು ಕೆಟ್ಟ ಅಜ್ಜಿ ಅಲ್ಲ. ಕೇಳು... ಕೇಳು, ನಾನು ಬರ್ತೀನಿ. ಹಾಂ, ನಾನೇ. ನಾನಿರೋ ಕಡೆ ವಿಮಾನ ಬೇಕಾದಷ್ಟಿವೆ. ನಾನು ಹೋಗಿ ಪುಟ್ಟತಾಯಮ್ಮನ್ನ ಕೈ ಹಿಡ್ಕೊಂಡು ಕರ್ಕೊಂಡು ಬರ್ತೀನಿ. ಈಗ ಕೋಟ್ ಬಿಚ್ಚು. ಬಿಚ್ಚಿದೆಯಾ?

…

ಹ್ಞೂಂ, ಸಾರೂ ತರ್ತೀನಿ. ... ಆಣೆನಾ? ... ಆಣೆ ಕಣೆ. ಆಣೆ.

…

ನಕ್ಕಳಾ?

…

ಬೈಬೇಡ ಸಿಯಾ. ಏನು ಹೇಳಿದೆ ಅಂತ ನಂಗೇ ಗೊತ್ತು. ಬಾಯಿಂದ ಬಂದುಬಿಡ್ತು. ಆ ಮಳವಳ್ಳಿಯೋಳಿಗೆ ಬುದ್ಧಿ ಇಲ್ಲ ಅಂದೆನಲ್ಲ ನಾನು, ಈ ಬಾಯಲ್ಲೇ ಅಂದೆ. ... ಅದೇನು ಸದ್ದು, ಬೆಲ್ ಆಯ್ತಾ? ತಡಿ, ಅವಳಿಗೆ ಇನ್ನೊಂದು ಸಲ ಫೋನ್ ಕೊಡು. ಈ ಸಲ ಸರಿಯಾಗಿ ಹೇಳ್ತೀನಿ.

…

ಓಡಿಹೋದ್ಲಾ? ಏನೋ ಹೇಳ್ಕೊಂಡು ಹೋದ್ಲಲ್ಲ, ಏನದು?

…

ಎರಡು ಗೇಟ್ ಇವೆ, ಅಜ್ಜಿ ಗೊತ್ತಿಲ್ದೆ ಹಿಂದಿನ ಗೇಟಿಗೆ ಬಂದುಬಿಡ್ತಾಳೆ, ದೊಡ್ಡ ಗೇಟ್ ಹತ್ರ ಕಾಯ್ತಿರ್ತೀನಿ ಅಂತ ಹೇಳು ಅಂದ್ಲಾ?

…

ಸಿಯಾ, ಕರಿ ಅವಳನ್ನ. ಕರಿಯೇ, ಕ್ಲಾಸಿಗೆ ಹೋದ್ರೆ ಹೋಗ್ಲಿ, ಬಾಗಿಲಲ್ಲೇ ನಿಲ್ಲಿಸಿ ಹೇಳು, ಅಜ್ಜಿ ಹೇಳಿದ್ದು... ಹಲೋ? ಸಿಯಾ? ... ಹಲೋ... ಹಲೋ...