ಗೋಡೆ ಗಡಿಯಾರಕ್ಕೆ ಹೇಳಿದ ಹುಡುಗ

ವೈದ್ಯಕೀಯ ವಿಶ್ವವಿದ್ಯಾಲಯದ ಲಿಫ್ಟಿನ ಮುಂದೆ ಅಲ್ಲಿನದೇ ಹೊಸ ಸುದ್ದಿಪತ್ರಿಕೆಯ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ ಗುಮಾಸ್ತೆಯ ಕಿವಿ, ಮುಂದಿದ್ದ ಅಕ್ಕತಂಗಿಯರ ಮಾತಿಗೆ ನೆಟ್ಟಗಾಯಿತು. ಅಕ್ಕ ಇಲ್ಲಿನ ಪರೀಕ್ಷೆಗಳಲ್ಲಿ ರೋಗಿಯಾಗಿಯೋ ರೋಗಿಯ ತಾಯಿಯಾಗಿಯೋ ನಟಿಸಿ, ವಿದ್ಯಾರ್ಥಿಗಳಿಗೆ ಅಂಕ ಕೊಡುವವಳು.

“ಆ ಹುಡುಗನ ಸೊನ್ನೆ ತಿದ್ದಿಬಿಡೇ ಅಕ್ಕಾ. ಪ್ರೊಫೆಸರೇ ಹೇಳಿಕಳಿಸಿದಾರೆ.”

“ತಿದ್ದಲ್ಲ ಅಂತ ಹೇಳೋಕೇ ಮೇಲೆ ಹೊರಟಿರೋದು.”

“ಈ ಸಲ ಎಲ್ಲರೂ ಪಾಸು ಅಂತ ಸುದ್ದಿಪತ್ರಿಕೇಲಿ ಅಚ್ಚೂ ಆಗಿದೆಯಂತೆ.”

“ಹಾಗಾದ್ರೆ ಅದನ್ನ ತಿದ್ಕೊಳ್ಲಿ.”

ಗುಮಾಸ್ತೆ ಕಟ್ಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು.

“ಉತ್ತರ ಸರಿ ಇತ್ತಂತಲ್ಲ?”

“ಸರೀನೇ. ‘ನಿಮ್ಮ ಮಗು ಉಳೀಲಿಲ್ಲ’ ಅನ್ನೋದನ್ನ ಗೋಡೆ ಗಡಿಯಾರಕ್ಕೆ ಹೇಳ್ದ. ನನ್ನ ಕಡೆ ತಿರುಗಲೇ ಇಲ್ಲ.”

“ಮಹಾ ನಟಿ! ನಟನೆ ತಾನೇ ಅದು?”

“ನನಗೆ ನಟನೆ ಕಣೇ. ನಾಳೆ ಅವನ ಮುಂದೆ ಕೂರೋ ತಾಯಿಗೆ ಅಲ್ಲ.”

“ಇನ್ಮೇಲೆ ನಿನ್ನನ್ನ ಕರೆಯೋದೇ ಬಿಟ್ರೆ?”

“ಬಿಡ್ಲಿ. ಆ ಹುಡುಗನನ್ನ ಮಾತ್ರ ನನ್ನ ಹತ್ರ ಕಳಿಸ್ಲಿ. ಮುಖ ನೋಡಿ ಹೇಳೋದು ಬರೋವರೆಗೂ ದಿನಾ ಕೂತು ಅಳ್ತೀನಿ.”

ಲಿಫ್ಟು ಬಂತು. ಅಕ್ಕ ಒಳಹೊಕ್ಕು ಕೊನೆಯ ಮಹಡಿಯ ಗುಂಡಿ ಒತ್ತಿದಳು. ಬಾಗಿಲು ಅರ್ಧ ಮುಚ್ಚಿದಾಗ ತಂಗಿ ಕೈ ಅಡ್ಡ ಹಿಡಿದಳು.

“ಸರಿ ಸರಿ, ಜಾಗ ಬಿಡು. ಬೈಸಿಕೊಳ್ಳೋಕೆ ಒಬ್ಬಳೇ ಹೋಗ್ತಾಳಂತೆ!”