ಬಂಗಿಗೆ ಹಚ್ಚಿದ ಕ್ರೀಮು

ಈ ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ಮೂವತ್ತಾರು, ಲಿಫ್ಟ್ ರಿಪೇರಿ ಕೆಲಸ, ವಾಸ ಬಸ್ ಡಿಪೋ ಹಿಂದಿನ ರಸ್ತೆಯ ಮೂರನೇ ಮಹಡಿಯಲ್ಲಿ, ಹೆಂಡತಿ ಮತ್ತು ಎರಡು ವರ್ಷದ ಮಗಳೊಂದಿಗೆ. ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ದಿನವಿಡೀ ಗಾಜಿನ ಹಿಂದೆ ಬಿಸಿಲಿಗೆ ಮುಖ ಕೊಟ್ಟು ಕೂರುವ ಕೆಲಸ. ನಮ್ಮಿಬ್ಬರದೂ ಕಪ್ಪು ಮೈಬಣ್ಣ. ಬಸಿರಿನಲ್ಲಿ ಅವಳ ಎರಡೂ ಕೆನ್ನೆಗೆ ಕಪ್ಪು ಕಲೆಯಾಗಿ ಬಂಗು ಬಂತು. ಹೆರಿಗೆಯಾದ ಮೇಲೆ ಹೋಗುತ್ತದೆ ಎಂದರು, ಹೋಗಲಿಲ್ಲ. ಕಾರು ಕಲಿಯಲು ಬಂದ ಹುಡುಗಿಯೊಬ್ಬಳು, ಮೇಡಂ, ಕೆನ್ನೆಗೆ ಗ್ರೀಸ್ ಮೆತ್ತಿದೆ ಒರೆಸಿಕೊಳ್ಳಿ ಎಂದು ಕರವಸ್ತ್ರ ಕೊಟ್ಟಳಂತೆ. ಅದನ್ನು ನನಗೆ ಹೇಳುತ್ತಾ ನಕ್ಕಳು. ಆಮೇಲೆ ಬಚ್ಚಲಿನಲ್ಲಿ ಬಹಳ ಹೊತ್ತು ನಲ್ಲಿ ಸುರಿಯುತ್ತಿತ್ತು.

ಚರ್ಮದ ಡಾಕ್ಟರಿಗೆ ತೋರಿಸಿದೆವು. ಕಪ್ಪು ಚರ್ಮದಲ್ಲಿ ಬಂಗು ಆಳಕ್ಕೆ ಇಳಿದಿರುತ್ತದೆ, ಉಜ್ಜಿದರೆ ಸುಟ್ಟರೆ ಇನ್ನೂ ಕಪ್ಪಾಗುತ್ತದೆ, ನಿಧಾನವಾಗಿ ಕರಗಿಸಬೇಕೇ ಹೊರತು ಕಿತ್ತು ಹಾಕಬಾರದಮ್ಮ ಎಂದು ಆಕೆ ಹೇಳಿದರು. ಕಾರಿನೊಳಗಿದ್ದರೂ ಬಿಸಿಲು ತಡೆಯುವ ಕ್ರೀಮು ಹಚ್ಚಬೇಕು, ತಿಂಗಳುಗಟ್ಟಲೆ ಕಾಯಬೇಕು, ಕಡಿಮೆಯಾದರೂ ಮರಳಿ ಬರಬಹುದು ಎಂದರು. ನನ್ನ ಹೆಂಡತಿ ನಾಲ್ಕು ತಿಂಗಳು ಹಾಗೇ ಮಾಡಿದಳು. ಸ್ವಲ್ಪ ತಿಳಿಯಾಗಿತ್ತು. ಅವಳಿಗೆ ಅದು ಸಾಲಲಿಲ್ಲ.

ನನ್ನ ಅಕ್ಕ ತನ್ನ ಮನೆಯ ಮುಂಗೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಅಮ್ಮ ಹೋದಾಗ ನನಗೆ ಆರು ವರ್ಷ, ನನ್ನನ್ನು ಸಾಕಿದವಳು ಅವಳೇ. ಹೋದ ವರ್ಷದ ಕೊನೆಗೆ ಅವಳು ನನ್ನ ಹೆಂಡತಿಗೆ ಹೆಸರಿಲ್ಲದ ಒಂದು ಬಿಳಿ ಡಬ್ಬಿ ಕ್ರೀಮು ತಂದುಕೊಟ್ಟು, ಆ ಡಾಕ್ಟರಿಗೇನು ಗೊತ್ತೇ, ರಾತ್ರಿ ಹಚ್ಚಿ ಮಲಗು, ನಾನೂ ಇದನ್ನೇ ಹಚ್ಚೋದು ಎಂದಳು. ಮೂರು ವಾರದಲ್ಲಿ ಬಂಗು ಮಾಯವಾಯಿತು. ಮುಖ ಕುತ್ತಿಗೆಗಿಂತ ಬೆಳ್ಳಗಾಯಿತು. ಮದುವೆಯ ದಿನವೂ ಅವಳು ಅಷ್ಟು ಖುಷಿಯಾಗಿದ್ದುದನ್ನು ನಾನು ಕಂಡಿರಲಿಲ್ಲ. ಯಾರ ಹೆಂಡತಿಯೋ ನಮ್ಮನೆಗೆ ಬಂದಿದ್ದಾಳೆ ಎಂದು ನಾನೂ ತಮಾಷೆ ಮಾಡಿದೆ.

ನಮ್ಮ ಪುಟ್ಟಿಗೆ ಅಮ್ಮನ ಕೆನ್ನೆಗೆ ಕೆನ್ನೆ ಒತ್ತದೆ ನಿದ್ದೆ ಬರುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ಮಗು ನಡೆಯುವುದನ್ನು ನಿಲ್ಲಿಸಿತು. ಎತ್ತಿ ನಿಲ್ಲಿಸಿದರೆ ಕಾಲು ಮಡಚಿಕೊಂಡು ಕಿರುಚುತ್ತಿತ್ತು. ಅಂಗೈ ಅಂಗಾಲು ಕೆಂಪಾಗಿ ಸಿಪ್ಪೆ ಏಳುತ್ತಿತ್ತು, ಸುಮ್ಮನೆ ಕೂತಿದ್ದರೂ ಅಂಗಿ ಬೆವರಿನಿಂದ ಒದ್ದೆಯಾಗುತ್ತಿತ್ತು. ಮೂರು ಕಡೆ ತೋರಿಸಿದರೂ ಯಾರಿಗೂ ತಿಳಿಯಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಯ ಮಕ್ಕಳ ಡಾಕ್ಟರು ಮಗುವಿನ ಕೈ ತಿರುಗಿಸಿ ನೋಡಿದರು. ನಂತರ ನನ್ನ ಹೆಂಡತಿಯ ಮುಖ ನೋಡಿದರು. ಮುಖಕ್ಕೆ ಏನು ಹಚ್ಚುತ್ತೀರಮ್ಮ ಎಂದು ಕೇಳಿದರು. ಅವಳು ಉತ್ತರ ಹೇಳುವ ಮೊದಲೇ ತೊಡೆಯ ಮೇಲಿದ್ದ ಮಗುವನ್ನು ನನ್ನ ಕೈಗೆ ಕೊಟ್ಟಳು.

ಡಬ್ಬಿಯನ್ನು ಪರೀಕ್ಷೆ ಮಾಡಿಸಿದರು. ಅದರಲ್ಲಿ ಪಾದರಸವಿತ್ತು, ಚರ್ಮದಿಂದ ಒಳಗಿಳಿದು ನರಕ್ಕೆ ಹತ್ತಿ ಕೈಕಾಲು ನಡುಗಿಸುವ ವಿಷ ಅದು ಎಂದರು. ತಾಯಿ ಮಗು ಇಬ್ಬರ ಮೂತ್ರದಲ್ಲೂ ಅದೇ ಇತ್ತು. ಕ್ರೀಮು ಹತ್ತಿದ್ದ ದಿಂಬು, ಹೊದಿಕೆಗಳನ್ನೆಲ್ಲ ಕಟ್ಟಿ ಕೊಡಲು ಹೇಳಿದರು, ಕೊಟ್ಟೆವು.

ಅದೇ ಸಂಜೆ ಅಕ್ಕನ ಮನೆಗೆ ಹೋದೆ. ಅವಳು ಗಿರಾಕಿಯೊಬ್ಬರ ಹುಬ್ಬಿಗೆ ದಾರ ಹಿಡಿದಿದ್ದಳು, ಕೈ ನಡುಗುತ್ತಿತ್ತು. ಅವರು ಹೋದ ಮೇಲೆ ವಿಷಯ ಹೇಳಿದೆ. ಅಕ್ಕ ಅಂದಿದ್ದನ್ನು ಅವಳ ಮಾತಲ್ಲೇ ಬರೆದುಕೊಳ್ಳಬೇಕೆಂದು ಕೇಳಿಕೊಂಡಿದ್ದೇನೆ: "ವಿಷ ಆಗಿದ್ರೆ ನಾನು ಮೊದಲು ಸಾಯ್ಬೇಕಿತ್ತು ಕಣೋ. ನೋಡು ನನ್ನ ಮುಖ. ನಿನ್ನನ್ನ ಎತ್ತಿ ಆಡಿಸಿದ ಕೈಯಿದು, ನಿನ್ನ ಮಗೂಗೆ ವಿಷ ಹಾಕ್ತೀನಾ?" ಕೈ ಯಾಕಕ್ಕ ನಡುಗ್ತಿದೆ ಎಂದು ಕೇಳಿದೆ. ವಯಸ್ಸಾಯ್ತು ಎಂದಳು. ಅವಳಿಗೆ ನಲವತ್ತೆಂಟು. ಡಬ್ಬಿಗಳನ್ನು ಯಾರು ತಂದುಕೊಡುತ್ತಾರೆ ಎಂಬುದನ್ನು ಎಷ್ಟು ಕೇಳಿದರೂ ಹೇಳಲಿಲ್ಲ.

ಚಿಕಿತ್ಸೆಯಿಂದ ಮಗು ಈಗ ಗೋಡೆ ಹಿಡಿದು ನಿಲ್ಲುತ್ತದೆ. ಹೆಂಡತಿಯ ಬಂಗು ಮರಳಿ ಬಂದಿದೆ, ಮೊದಲಿಗಿಂತ ಗಾಢವಾಗಿ. ಅವಳು ಅದನ್ನು ನೋಡಿಕೊಳ್ಳುವುದೇ ಇಲ್ಲ. ಅಪಾಯವಿಲ್ಲ, ಮಗುವನ್ನು ಎತ್ತಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ಆದರೂ ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೇ ಊಟ ಮಾಡಿಸುತ್ತಾಳೆ. ರಾತ್ರಿ ಪುಟ್ಟಿ ನನ್ನ ಪಕ್ಕದಲ್ಲಿ ಮಲಗಿ, ಕತ್ತಲಲ್ಲಿ ಕೈಚಾಚಿ ಅಮ್ಮನ ಕೆನ್ನೆ ಹುಡುಕುತ್ತದೆ. ದೂರು ಕೊಡುವುದು ಬೇಡ, ಅತ್ತಿಗೆ ಕೆಟ್ಟವರಲ್ಲ ಎಂದು ಹೆಂಡತಿ ಹೇಳಿದ್ದರಿಂದ ನಾನು ಇಷ್ಟು ದಿನ ಸುಮ್ಮನಿದ್ದೆ.

ಇಂದು ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಕೆಲಸದ ಮೇಲೆ ಅಕ್ಕನ ಬೀದಿಯಲ್ಲಿ ಹೋಗುತ್ತಿದ್ದಾಗ, ಹಸಿರು ಚೂಡಿದಾರದ ಹೆಂಗಸೊಬ್ಬರು ಪಾರ್ಲರಿನಿಂದ ಹೊರಬಂದರು. ಕೈಯಲ್ಲಿ ಅಂಥದೇ ಡಬ್ಬಿ. ಹೆಗಲ ಮೇಲೆ ಮಲಗಿದ್ದ ಕೂಸಿನ ಬಾಯಿ ಅವರ ಕೆನ್ನೆಗೆ ಅಂಟಿತ್ತು. ಹಿಂದೆ ಓಡಿ, ಅಮ್ಮಾ, ಅದನ್ನು ಹಚ್ಚಬೇಡಿ, ಮಗುವಿಗೆ ತಗಲುತ್ತದೆ ಎಂದೆ. ಅವರು ಹೆದರಿ ಮಗುವನ್ನು ಇನ್ನೂ ಬಿಗಿಯಾಗಿ ಮುಖಕ್ಕೆ ಒತ್ತಿಕೊಂಡರು. ಜನ ಸೇರಿದರು, ಒಬ್ಬರು ನನ್ನ ಕಾಲರ್ ಹಿಡಿದರು. ಬಿಡಿಸಿಕೊಳ್ಳುವಷ್ಟರಲ್ಲಿ ಆ ಹೆಂಗಸು ಬಸ್ ಹತ್ತಿದ್ದರು. ಬಸ್ಸಿನ ನಂಬರು ನೋಡಲಾಗಲಿಲ್ಲ. ಅಲ್ಲಿಂದ ನೇರವಾಗಿ ಠಾಣೆಗೆ ಬಂದಿದ್ದೇನೆ.

ಅಕ್ಕನ ಪಾರ್ಲರಿನ ಡಬ್ಬಿಗಳನ್ನು ವಶಕ್ಕೆ ತೆಗೆದುಕೊಂಡು, ತಂದುಕೊಡುವವರನ್ನು ಪತ್ತೆ ಮಾಡಬೇಕಾಗಿ ಕೋರುತ್ತೇನೆ. ಅಕ್ಕನನ್ನು ಕರೆತರುವುದಾದರೆ ಮೊದಲು ಆಸ್ಪತ್ರೆಗೆ ಕರೆದೊಯ್ಯಬೇಕು, ನಾನು ಕರೆದರೆ ಬರುವುದಿಲ್ಲ. ಎಲ್ಲಕ್ಕೂ ಮುಂಚೆ ಆ ಹೆಂಗಸು ಯಾರೆಂದು ಅಕ್ಕನನ್ನು ಕೇಳಿ. ರಾತ್ರಿಯಾಗುವುದರೊಳಗೆ ಕೇಳಿ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಕಂಡದ್ದಕ್ಕಿಂತ ಹೆಚ್ಚು ಹೇಳಿಲ್ಲ, ಎಲ್ಲವೂ ಸತ್ಯ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಹದಿನಾಲ್ಕು, ಮಂಗಳವಾರ, ಮಧ್ಯಾಹ್ನ ಹನ್ನೆರಡು ಗಂಟೆ
ಸಹಿ: (ಮಗುವಿನ ತಂದೆ)